ತಲೆಕೆಳಗಾಗಿ ನೇತಾಡುವವನು: ಟ್ಯಾರೋದ ಹನ್ನೆರಡನೇ ಎಲೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈಗ ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಲೆಗಳ ಚರಿತ್ರೆ ಬಗ್ಗೆ ಮಾತು ಬಂದಾಗಲೆಲ್ಲ ಜನ ಜಾಸ್ತಿ ಕೇಳುವುದು ಹ್ಯಾಂಗ್ಡ್ ಮ್ಯಾನ್, ಅಂದರೆ ನೇತಾಡುವವನ ಬಗ್ಗೆ. ಡೆತ್ ಕಾರ್ಡ್ ಬಗ್ಗೆ ಕೇಳಬೇಕಿತ್ತು ಅನ್ನಿಸಬಹುದು. ಆದರೆ ಅದಕ್ಕೆ "ಬದಲಾವಣೆ ಅಷ್ಟೇ, ಹೆದರಬೇಡಿ" ಅನ್ನೋ ಉತ್ತರವನ್ನು ಎಲ್ಲರೂ ಎಲ್ಲೋ ಕೇಳಿಕೊಂಡೇ ಬಂದಿರುತ್ತಾರೆ. ಒಂಟಿ ಕಾಲಲ್ಲಿ ನೇತಾಡುತ್ತಾ ನೆಮ್ಮದಿಯಾಗಿ ನೋಡುತ್ತಿರುವ ಈ ಮನುಷ್ಯ ಮಾತ್ರ ಯಾರಿಗೂ ಪೂರ್ತಿ ಅರ್ಥವಾಗುವುದಿಲ್ಲ. ಮಾತಿನಲ್ಲಿ, ಕಾಗದದಲ್ಲಿ, ಮೆಸೇಜಿನಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಧಾಟಿಯಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಗ್ಗಂಟು ಆಮೇಲೆ.

ಮೊದಮೊದಲು ಕೇಳುವವು

ನನಗೆ ಈ ಕಾರ್ಡ್ ಬಂತು. ನೇಣಿನ ಚಿತ್ರ ಇದೆಯಲ್ಲ, ಮನೇಲಿ ಯಾರಿಗಾದ್ರೂ ಏನಾದ್ರೂ ಆಗುತ್ತಾ?

ಇಲ್ಲ. ಹಾಗೆ ಹೇಳಿ ಹೆದರಿಸಿದವರು ಪೂಜೆಗೋ ಪರಿಹಾರಕ್ಕೋ ದುಡ್ಡು ಕೇಳಿದರೆ ಎದ್ದು ಬನ್ನಿ. ಚಿತ್ರವನ್ನೇ ಇನ್ನೊಮ್ಮೆ ನೋಡಿ. ಹಗ್ಗ ಇರುವುದು ಪಾದಕ್ಕೆ, ಕುತ್ತಿಗೆಗಲ್ಲ. ಅವನು ಬದುಕಿದ್ದಾನೆ, ಕಣ್ಣು ಬಿಟ್ಟಿದ್ದಾನೆ. ಎಲೆ ನೋಡಿ ಹೇಳುವ ಈಗಿನ ರೀಡರ್‌ಗಳು ಸಾಮಾನ್ಯವಾಗಿ ಹೇಳುವ ಅರ್ಥ: ಕೆಲಸ ನಿಂತಿದೆ, ತಡವಾಗುತ್ತಿದೆ, ಬೇರೆ ಕಡೆಯಿಂದ ನೋಡಿ, ಏನನ್ನೋ ಬಿಟ್ಟುಕೊಡಬೇಕಾಗಬಹುದು. ಇದು ಹೇಗೆ ಬಂತು ಅನ್ನುವುದೇ ದೊಡ್ಡ ಕಥೆ, ಮುಂದೆ ಬರುತ್ತದೆ.

ಚಿತ್ರದಲ್ಲಿ ಏನೇನಿದೆ ಅಂತ ಬಿಡಿಸಿ ಹೇಳಿ, ನನಗೆ ಬರೀ ಒಬ್ಬ ಮನುಷ್ಯ ಕಾಣ್ತಾನೆ

ನಿಮ್ಮ ಕೈಯಲ್ಲಿರುವುದು ಬಹುಶಃ ರೈಡರ್ ವೇಟ್ ಡೆಕ್ (ಎಲೆಗಳ ಕಟ್ಟು) ಅಥವಾ ಅದನ್ನು ನೋಡಿ ಮಾಡಿದ ಯಾವುದೋ ಡೆಕ್. 1909ರಲ್ಲಿ ಲಂಡನ್ನಿನಲ್ಲಿ ಬಂತು. ಯೋಜನೆ ಗುಪ್ತವಿದ್ಯೆಯ ಲೇಖಕ ಆರ್ಥರ್ ಎಡ್ವರ್ಡ್ ವೇಟ್ ಅವರದು, ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಹೆಸರಿನಲ್ಲಿ ಪ್ರಕಾಶಕ ರೈಡರ್ ಅವರೂ ವೇಟ್ ಅವರೂ ಉಳಿದರು, ಬರೆದ ಹೆಂಗಸು ಬಿಟ್ಟುಹೋದರು. ಅದಕ್ಕೇ ಈಚೆಗೆ ಬಹಳ ಜನ ವೇಟ್-ಸ್ಮಿತ್ ಡೆಕ್ ಅನ್ನುತ್ತಾರೆ.

ಈಗ ಚಿತ್ರ. ಬೂದು ಬಣ್ಣದ ಖಾಲಿ ಹಿನ್ನೆಲೆ. ಇಂಗ್ಲಿಷಿನ ಟಿ ಅಕ್ಷರದ ಥರ ಒಂದು ಮರದ ಕಂಬ, ಅದರಲ್ಲಿ ಎಲೆ ಚಿಗುರಿದೆ, ಅಂದರೆ ಅದು ಜೀವ ಇರುವ ಮರ. ನೀಲಿ ಅಂಗಿ, ಕೆಂಪು ಕಾಲುಚೀಲ, ಹಳದಿ ಬೂಟು. ಬಲಗಾಲಿಗೆ ಕಟ್ಟಿದ್ದಾರೆ, ಎಡಗಾಲು ಮಡಚಿ ಹಿಂದೆ ಅಡ್ಡ ಹೋಗಿದೆ. ಕೈ ಎರಡೂ ಬೆನ್ನ ಹಿಂದೆ. ತಲೆಯ ಸುತ್ತ ಹಳದಿ ಪ್ರಭೆ, ನಮ್ಮ ದೇವರ ಪಟಗಳಲ್ಲಿ ಇರುತ್ತದಲ್ಲ, ಹಾಗೆ. ಆ ಪ್ರಭೆಯನ್ನು ನೆನಪಿಟ್ಟುಕೊಳ್ಳಿ, ಅದು ಹಳೇ ಎಲೆಗಳಲ್ಲಿ ಇರಲಿಲ್ಲ.

ಟ್ಯಾರೋ ಶುರುವಾಗಿದ್ದೇ ಭವಿಷ್ಯ ಹೇಳೋಕೆ ಅಲ್ವಾ?

ಅಲ್ಲ. ಇಸ್ಪೀಟಿನ ಹಾಗೆ ಆಡುವುದಕ್ಕೆ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಮಾಮೂಲಿ ಇಸ್ಪೀಟು ಎಲೆಗಳ ಜೊತೆ ಚಿತ್ರ ಇರುವ ತುರುಫಿನ ಎಲೆಗಳನ್ನು ಸೇರಿಸಿದರು. ಈಗಿನ 78ರಲ್ಲಿ 56 ಸಾಮಾನ್ಯ ಎಲೆ, 22 ಚಿತ್ರದ ಎಲೆ. ನಾವು ಗೌರವದಿಂದ ಮೇಜರ್ ಅರ್ಕಾನಾ ಅನ್ನುವ ಆ 22, ಆಟಗಾರನ ಕೈಯಲ್ಲಿ ಬರೀ ತುರುಫು. ಹನ್ನೆರಡನೆಯದು ಹನ್ನೊಂದನೆಯದನ್ನು ಹೊಡೆಯುತ್ತದೆ, ಹದಿಮೂರನೆಯದು ಹನ್ನೆರಡನೆಯದನ್ನು. ಫ್ರಾನ್ಸಿನಲ್ಲಿ, ಆಸ್ಟ್ರಿಯಾದಲ್ಲಿ ಈ ಜಾತಿಯ ಆಟವನ್ನು ಜನ ಈಗಲೂ ಆಡುತ್ತಾರೆ. ಟ್ಯಾರೋ ಎಲೆಗಳಿಂದ ಭವಿಷ್ಯ ಹೇಳುವುದು ಪ್ಯಾರಿಸ್ಸಿನಲ್ಲಿ ದೊಡ್ಡದಾಗಿದ್ದು 18ನೇ ಶತಮಾನದ ಕೊನೆಗೆ. ಅಂದರೆ ಮುನ್ನೂರು ವರ್ಷ ಇವನು ಜೂಜಿನ ಮೇಜಿನ ಮೇಲೆ ನೇತಾಡಿಕೊಂಡಿದ್ದ.

ಚರಿತ್ರೆಯ ಪ್ರಶ್ನೆಗಳು

ಪಾಪ, ಇವನು ಮಾಡಿದ ತಪ್ಪಾದ್ರೂ ಏನು?

ದ್ರೋಹ. ಇಟಲಿಯಲ್ಲಿ ಈ ಎಲೆಯನ್ನು ನೇತುಹಾಕಲ್ಪಟ್ಟವನು ಅಂತಲೂ ಕರೆಯುತ್ತಿದ್ದರು, ನೇರವಾಗಿ "ಇಲ್ ತ್ರಾದಿತೋರೆ", ಅಂದರೆ ದ್ರೋಹಿ, ಅಂತಲೂ ಕರೆಯುತ್ತಿದ್ದರು. ಆಗಿನ ಇಟಲಿಯವನಿಗೆ ಚಿತ್ರ ನೋಡಿದ ತಕ್ಷಣ ವಿಷಯ ಗೊತ್ತಾಗುತ್ತಿತ್ತು, ಯಾಕೆಂದರೆ ಅಂಥ ಚಿತ್ರ ಊರ ಗೋಡೆಯ ಮೇಲೇ ಇರುತ್ತಿತ್ತು. ಫ್ಲಾರೆನ್ಸ್, ಬೊಲೊನ್ಯದಂಥ ಊರುಗಳಲ್ಲಿ ದೇಶದ್ರೋಹ ಮಾಡಿ ಓಡಿಹೋದವನು, ಸಾಲ ಮುಳುಗಿಸಿ ಪರಾರಿಯಾದವನು ಕೈಗೆ ಸಿಗದಿದ್ದರೆ, ಸರ್ಕಾರವೇ ಕಲಾವಿದನಿಗೆ ದುಡ್ಡು ಕೊಟ್ಟು ಕಚೇರಿಯ ಹೊರಗೋಡೆ ಮೇಲೆ ಅವನನ್ನು ತಲೆಕೆಳಗಾಗಿ ಬರೆಸುತ್ತಿತ್ತು. ಪಕ್ಕದಲ್ಲಿ ಹೆಸರು, ಕೆಲವೊಮ್ಮೆ ಬೈಗುಳದ ಪದ್ಯ. ಈ ಮಾನ ಕಳೆಯುವ ಚಿತ್ರಕ್ಕೆ ಪಿತ್ತೂರಾ ಇನ್ಫಮಾಂತೆ ಅಂತ ಹೆಸರು.

ಒಂದು ಕಾಕತಾಳೀಯ ನನಗೆ ಬಹಳ ಇಷ್ಟ. 1440ರ ಜೂನ್ 29ರಂದು ಅಂಗ್ಯಾರಿ ಅನ್ನುವ ಊರಲ್ಲಿ ಫ್ಲಾರೆನ್ಸ್ ಸೈನ್ಯ ಮಿಲಾನ್ ಸೈನ್ಯವನ್ನು ಸೋಲಿಸಿತು. ಮಿಲಾನ್ ಕಡೆ ಸೇರಿದ್ದ ಫ್ಲಾರೆನ್ಸಿನದೇ ಅಲ್ಬಿಝಿ ಗುಂಪಿನವರನ್ನು ಆಂಡ್ರಿಯಾ ದೆಲ್ ಕಾಸ್ತಾನ್ಯೊ ಅನ್ನುವ ಕಲಾವಿದ ನ್ಯಾಯಾಧಿಕಾರಿಯ ಅರಮನೆ ಗೋಡೆ ಮೇಲೆ ಕಾಲಿಂದ ನೇತಾಡುವಂತೆ ಬರೆದ. ಜನ ಅವನಿಗೆ "ನೇಣಿನವರ ಆಂಡ್ರಿಯಾ" ಅಂತ ಅಡ್ಡಹೆಸರೇ ಇಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಆ ಅಂಗ್ಯಾರಿ ಊರಿನವನೇ ಆದ ಜುಸ್ತೊ ಜುಸ್ತಿ ಅನ್ನುವ ನೋಟರಿ, ಸಿಜಿಸ್ಮೊಂದೊ ಮಲಾತೆಸ್ತ ಅನ್ನುವ ದಂಡನಾಯಕನಿಗೆ ಉಡುಗೊರೆಯಾಗಿ ಫ್ಲಾರೆನ್ಸಿನಲ್ಲಿ ಮಾಡಿಸಿದ ತುರುಫಿನ ಎಲೆಗಳ ವಿಷಯ ತನ್ನ ದಿನಚರಿಯಲ್ಲಿ ಬರೆದುಕೊಂಡ. ಈ ಎಲೆಗಳ ಬಗ್ಗೆ ಈವರೆಗೆ ಸಿಕ್ಕಿರುವ ಅತಿ ಹಳೇ ದಾಖಲೆ ಅದು. ಗೋಡೆ ಚಿತ್ರ, ಎಲೆ ಎರಡೂ ಫ್ಲಾರೆನ್ಸಿನವೇ, ಒಂದೇ ಬೇಸಿಗೆ-ಮಳೆಗಾಲ. ಗೋಡೆಯಿಂದಲೇ ಎಲೆಗೆ ಬಂತು ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೆ ಆ ಎಲೆ ಕೈಗೆ ಬಂದವನಿಗೆ "ಇದರ ಗುಪ್ತ ಅರ್ಥ ಏನಪ್ಪಾ" ಅಂತ ಅನ್ನಿಸಿರಲಿಕ್ಕಿಲ್ಲ.

ಈ ಅರ್ಥ ಇಟಲಿಯಲ್ಲಿ ಅಷ್ಟು ಬೇಗ ಸತ್ತಿಲ್ಲ. 1945ರ ಏಪ್ರಿಲ್ 29ರಂದು ಮುಸೊಲಿನಿಯ ಹೆಣವನ್ನು ಮಿಲಾನಿನ ಚೌಕದಲ್ಲಿ, ಪೆಟ್ರೋಲ್ ಬಂಕಿನ ಸೂರಿಗೆ, ತಲೆ ಕೆಳಗೆ ಮಾಡಿಯೇ ನೇತುಹಾಕಿದರು.

ಕಾಲು ಹಾಗೆ ಮಡಚಿರೋದರಲ್ಲಿ ದೊಡ್ಡ ಗುಟ್ಟಿದೆ ಅಂತಾರೆ, ನಿಜಾನಾ?

ಗುಟ್ಟು ಆಮೇಲೆ ಸೇರಿಸಿದ್ದು. 1529-30ರಲ್ಲಿ ಫ್ಲಾರೆನ್ಸಿಗೆ ಮುತ್ತಿಗೆ ಹಾಕಿದ್ದಾಗ, ಊರು ಬಿಟ್ಟು ಓಡಿಹೋದ ಸೇನಾನಾಯಕರನ್ನು ಗೋಡೆ ಮೇಲೆ ಬರೆಯುವ ಕೆಲಸ ಆಂಡ್ರಿಯಾ ದೆಲ್ ಸಾರ್ತೊ ಎಂಬ ದೊಡ್ಡ ಕಲಾವಿದನಿಗೆ ಬಂತು. ಅವನಿಗೆ ತಲೆಬಿಸಿ. ಕಾಸ್ತಾನ್ಯೊಗೆ ಅಂಟಿಕೊಂಡ ಅಡ್ಡಹೆಸರು ತನಗೂ ಅಂಟಿದರೆ? ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಹೇಳುವ ಪ್ರಕಾರ, ಅವನು ಈ ಕೆಲಸ ಮಾಡ್ತಿರುವುದು ನನ್ನ ಶಿಷ್ಯ ಅಂತ ಸುದ್ದಿ ಹಬ್ಬಿಸಿ, ಸುತ್ತ ಹಲಗೆ ಕಟ್ಟಿಸಿ, ರಾತ್ರಿ ಹೊತ್ತು ಕದ್ದು ಬಂದು ಬರೆದ. ಗೋಡೆ ಚಿತ್ರ ಹೋಯಿತು. ಅದಕ್ಕೆ ಮಾಡಿಕೊಂಡ ಕೆಂಪು ಸೀಮೆಸುಣ್ಣದ ರೇಖಾಚಿತ್ರಗಳು ಫ್ಲಾರೆನ್ಸಿನ ಉಫಿಝಿ ಸಂಗ್ರಹದಲ್ಲಿ ಉಳಿದಿವೆ.

ಆ ರೇಖಾಚಿತ್ರಗಳಲ್ಲಿ ಮೈಯ ಭಾರವೆಲ್ಲ ಒಂದು ಕಾಲಿನ ಮೇಲೆ ಬಿದ್ದಿದೆ. ಕಟ್ಟದೆ ಬಿಟ್ಟ ಇನ್ನೊಂದು ಕಾಲು ತಾನಾಗಿಯೇ ಮಡಚಿಕೊಂಡು ಜೋತುಬಿದ್ದಿದೆ. ಒಂದು ಕಾಲು ಕಟ್ಟಿ ನೇತುಹಾಕಿದ ಮೈ ಇರುವುದೇ ಹಾಗೆ. ಟ್ಯಾರೋ ಎಲೆಯಲ್ಲಿ ಅದು ಇನ್ನಷ್ಟು ಒಪ್ಪವಾಗಿ ಅಡ್ಡ ಗೆರೆಯಾಗಿದೆ, ಅಷ್ಟೇ. ಆ ಒಪ್ಪವನ್ನು ನೋಡಿಯೇ ಮುಂದಿನವರು ಶಿಲುಬೆ, ತ್ರಿಕೋನ, ನಾಲ್ಕು ಅಂಕಿ ಅಂತೆಲ್ಲ ಓದಿದರು. ವೇಟ್ ತನ್ನ ವಿವರಣೆಯಲ್ಲಿ ಈ ಕಾಲುಗಳು ಸ್ವಸ್ತಿಕದ ಆಕಾರ ಮಾಡುತ್ತವೆ ಅಂತ ಬರೆದಿದ್ದಾನೆ. ಹಿಟ್ಲರ್ ಆ ಗುರುತನ್ನು ಎತ್ತಿಕೊಳ್ಳುವ ಮುಂಚಿನ ಮಾತು ಅದು, ಬೇರೇನೂ ಕಲ್ಪಿಸಿಕೊಳ್ಳಬೇಡಿ.

ರಾಜಮನೆತನಕ್ಕೆ ಅಂತ ಚಿನ್ನ ಹಾಕಿ ಮಾಡಿಸಿದ ಡೆಕ್‌ನಲ್ಲೂ ಇವನಿದ್ದಾನಲ್ಲ, ಅವರಿಗೆ ಅಪಶಕುನ ಅನ್ನಿಸಲಿಲ್ವಾ?

ನೀವು ಹೇಳುತ್ತಿರುವುದು ವಿಸ್ಕೊಂತಿ-ಸ್ಫೋರ್ಜಾ ಡೆಕ್. 1450ರ ಆಸುಪಾಸು, ಮಿಲಾನಿನ ಡ್ಯೂಕ್ ಫ್ರಾಂಚೆಸ್ಕೊ ಸ್ಫೋರ್ಜಾನ ಕಾಲದ್ದು. 74 ಎಲೆ ಉಳಿದಿವೆ. ಡೆವಿಲ್ ಮತ್ತು ಟವರ್ ಅದರಲ್ಲಿಲ್ಲ. ನಮ್ಮ ನೇತಾಡುವವನು ಇದ್ದಾನೆ. ಹಿಂದೆ ಚಿನ್ನದ ತಗಡು, ಮುಂದೆ ಎಳೇ ಹುಡುಗ, ಮುಖದಲ್ಲಿ ನೋವಿಲ್ಲ.

ಅಪಶಕುನದ ಮಾತು ಬಿಡಿ, ಇದರಲ್ಲಿ ಇನ್ನೂ ಚುರುಕಾದ ವಿಷಯ ಒಂದಿದೆ. ಫ್ರಾಂಚೆಸ್ಕೊನ ಅಪ್ಪ ಮುತ್ಸಿಯೊ ಅತ್ತೆಂದೊಲೊ ಬಾಡಿಗೆ ಸೈನ್ಯದ ನಾಯಕ. 1412ರಲ್ಲಿ ಅವನು 23ನೇ ಜಾನ್ ಪೋಪನ ಪಕ್ಷ ಬಿಟ್ಟು ನೇಪಲ್ಸ್ ರಾಜನ ಕಡೆ ಹಾರಿದ. (ಆ ಪೋಪನನ್ನು ಚರ್ಚ್ ಈಗ ಪೋಪರ ಪಟ್ಟಿಯಲ್ಲಿ ಎಣಿಸುವುದಿಲ್ಲ, ಅದು ಬೇರೆ ರಾಮಾಯಣ.) ಪೋಪ್ ಸಿಟ್ಟಿನಿಂದ ರೋಮಿನ ಸೇತುವೆ, ಬಾಗಿಲುಗಳ ಮೇಲೆಲ್ಲ ಮುತ್ಸಿಯೊ ಒಂಟಿ ಕಾಲಲ್ಲಿ ನೇತಾಡುವ ಚಿತ್ರ ಹಾಕಿಸಿದ. ಜೊತೆಗಿದ್ದ ಪದ್ಯದಲ್ಲಿ ಇವನೊಬ್ಬ ಕೊತಿನ್ಯೊಲದ ಹಳ್ಳಿಗ, ಚರ್ಚಿಗೆ ಹನ್ನೆರಡು ದ್ರೋಹ ಮಾಡಿದವನು ಅಂತ ಇತ್ತು. ಅಪ್ಪನನ್ನು ಊರೆಲ್ಲ ಹೀಗೆ ನೇತುಹಾಕಿಸಿಕೊಂಡ ಮಗ, ನಲವತ್ತು ವರ್ಷದ ಮೇಲೆ ಡ್ಯೂಕ್ ಆಗಿ, ಅದೇ ಚಿತ್ರವನ್ನು ಚಿನ್ನದ ಮೇಲೆ ಬರೆಸಿಕೊಂಡು ಆಡುತ್ತಾನೆ. ಆ ಎಲೆ ಕೈಗೆ ಬಂದಾಗ ಮನೆಯವರು ನಕ್ಕರೋ ಮುಖ ಸಿಂಡರಿಸಿದರೋ, ನೀವೇ ಊಹಿಸಿಕೊಳ್ಳಿ.

ಹಳೇ ಕಾರ್ಡೊಂದರಲ್ಲಿ ಎರಡು ಕೈಯಲ್ಲೂ ಚೀಲ ಹಿಡಿದಿದ್ದಾನೆ. ಅದೇನು?

ದುಡ್ಡಿನ ಚೀಲ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಆರನೇ ಚಾರ್ಲ್ಸ್ ರಾಜನ ಹೆಸರು ಅಂಟಿಕೊಂಡಿರುವ ಒಂದು ಡೆಕ್ ಇದೆ. (ರಾಜನಿಗೂ ಅದಕ್ಕೂ ಸಂಬಂಧವಿಲ್ಲ, ಅದು 15ನೇ ಶತಮಾನದ ಇಟಲಿಯ ಕೆಲಸ.) ಅದರಲ್ಲಿ ಇವನು ತಲೆಕೆಳಗಾದರೂ ಚೀಲ ಬಿಟ್ಟಿಲ್ಲ. ಕ್ರೈಸ್ತರಿಗೆ ದುಡ್ಡು ಹಿಡಿದ ದ್ರೋಹಿ ಅಂದರೆ ಒಬ್ಬನೇ ನೆನಪಾಗುವುದು, 30 ಬೆಳ್ಳಿ ನಾಣ್ಯಕ್ಕೆ ಏಸುವನ್ನು ಹಿಡಿದುಕೊಟ್ಟ ಜೂದಾಸ್. ಹನ್ನೆರಡು ಶಿಷ್ಯರಲ್ಲಿ ಒಬ್ಬ, ಅದಕ್ಕೇ ಹನ್ನೆರಡನೇ ಎಲೆ ಅಂತ ಕೆಲವರು ಲೆಕ್ಕ ಹಾಕುತ್ತಾರೆ. ನನಗೆ ಅದಕ್ಕಿಂತ ಸರಳವಾದ ಕಾರಣ ಸಾಕು ಅನ್ನಿಸುತ್ತದೆ: ಮುಂದಿನ ಎಲೆ ಸಾವು. ಶಿಕ್ಷೆ ಆಯ್ತು, ಆಮೇಲೆ ಸಾವು. ಜೂಜನ್ನು ಬೈದು 15ನೇ ಶತಮಾನದ ಕೊನೆ ಭಾಗದಲ್ಲಿ ಬರೆದ ಒಂದು ಲ್ಯಾಟಿನ್ ಉಪದೇಶದಲ್ಲಿ ತುರುಫುಗಳ ಪಟ್ಟಿಯೇ ಇದೆ, ಅಲ್ಲೂ ಹನ್ನೆರಡು ಇವನು, ಹದಿಮೂರು ಸಾವು.

ಟ್ಯಾರೋ ಈಜಿಪ್ಟಿನ ಪುರಾತನ ವಿದ್ಯೆ, ಹ್ಯಾಂಗ್ಡ್ ಮ್ಯಾನ್ ಅಲ್ಲಿನ ಪೂಜಾರಿಗಳ ದೀಕ್ಷೆ ಅಂತ ವಿಡಿಯೋದಲ್ಲಿ ಹೇಳ್ತಿದ್ರು

ಆ ಮಾತಿಗೆ ಹುಟ್ಟಿದ ವರ್ಷ ಇದೆ: 1781. ಪ್ಯಾರಿಸ್ಸಿನ ಪಂಡಿತ ಆಂಟ್ವಾನ್ ಕೂರ್ ದ ಜೆಬೆಲಾಂ ಟ್ಯಾರೋ ಎಂದರೆ ಈಜಿಪ್ಟಿನ ಥೋತ್ ದೇವರ ಪುಸ್ತಕ ಅಂತ ಬರೆದ. ಆಗ ಈಜಿಪ್ಟಿನ ಚಿತ್ರಲಿಪಿ ಓದಲು ಭೂಮಿ ಮೇಲೆ ಯಾರಿಗೂ ಬರುತ್ತಿರಲಿಲ್ಲ. ಶಾಂಪೋಲಿಯನ್ ಅದನ್ನು ಬಿಡಿಸಿದ್ದು 1822ರಲ್ಲಿ. ಹಾಗಾಗಿ ಏನು ಹೇಳಿದರೂ ನಡೆಯುತ್ತಿತ್ತು.

ಅವನು ನಮ್ಮ ಎಲೆಗೆ ಮಾಡಿದ್ದು ತಮಾಷೆಯಾಗಿದೆ. ಡೆಕ್‌ನಲ್ಲಿ ಜಸ್ಟಿಸ್ ಇದೆ, ಸ್ಟ್ರೆಂಗ್ತ್ ಇದೆ, ಟೆಂಪರೆನ್ಸ್ ಇದೆ. ಯುರೋಪಿನಲ್ಲಿ ಹೇಳುತ್ತಿದ್ದ ನಾಲ್ಕು ಮುಖ್ಯ ಗುಣಗಳಲ್ಲಿ ನಾಲ್ಕನೆಯದಾದ ವಿವೇಕ ಮಾತ್ರ ಇಲ್ಲ. ಎಲ್ಲಿ ಹೋಯಿತು? ಜೆಬೆಲಾಂ ಎಲೆಯನ್ನು ತಿರುಗಿಸಿ ಹಿಡಿದು ನೋಡಿದ. ಈಗ ಮನುಷ್ಯ ಒಂದು ಕಾಲೂರಿ ನಿಂತು, ಇನ್ನೊಂದು ಕಾಲನ್ನು ಎಲ್ಲಿಡಲಿ ಅಂತ ಯೋಚಿಸುವಂತೆ ಕಂಡ. ಇದೇ ವಿವೇಕ, ಎಲೆ ಮಾಡುವ ದಡ್ಡ ಉಲ್ಟಾ ಅಚ್ಚು ಹಾಕಿದ್ದಾನೆ ಅಂತ ತೀರ್ಮಾನ ಕೊಟ್ಟ. ಭವಿಷ್ಯ ಹೇಳುವುದನ್ನೇ ಕಸುಬು ಮಾಡಿಕೊಂಡಿದ್ದ ಎತೆಲ್ಲ ಇದನ್ನು ನಂಬಿ 1789ರ ತನ್ನ ಡೆಕ್‌ನಲ್ಲಿ ನೇತಾಡುವವನನ್ನೇ ಕಿತ್ತುಹಾಕಿ, ಕಾಲ ಬಳಿ ಹಾವಿರುವ ಒಬ್ಬ ವಿವೇಕದ ಹೆಂಗಸನ್ನು ನಿಲ್ಲಿಸಿದ. ನಾಲ್ಕನೇ ಗುಣ ಎಲ್ಲಿ ಅನ್ನುವ ಪ್ರಶ್ನೆ ಒಳ್ಳೆಯದೇ. ಉತ್ತರ ಮಾತ್ರ ಸುಳ್ಳು. ಎಲೆ ಉಲ್ಟಾ ಆಗಿರಲಿಲ್ಲ, ಫ್ರಾನ್ಸಿನವನಿಗೆ ಇಟಲಿಯ ಗೋಡೆ ಚಿತ್ರಗಳು ಮರೆತುಹೋಗಿದ್ದವು.

ಗುಪ್ತವಿದ್ಯೆಯವರ ಕೈಗೆ ಬಂದ ಮೇಲೆ

ಹಾಗಾದ್ರೆ ದ್ರೋಹಿ ಜ್ಞಾನಿ ಆಗಿದ್ದು ಯಾವಾಗ?

ಒಂದೇ ದಿನ ಆಗಲಿಲ್ಲ. ಸುಮಾರು 1750ರ ಬೊಲೊನ್ಯದ ಒಂದು ಕೈಬರಹದ ಹಾಳೆ ಸಿಕ್ಕಿದೆ, ಎಲೆಗಳಿಂದ ಶಕುನ ನೋಡುವವರ ಪಟ್ಟಿ. ಅದರಲ್ಲಿ ದ್ರೋಹಿ ಎಲೆಯ ಅರ್ಥ ಏನು ಗೊತ್ತಾ? ದ್ರೋಹ. ಅಷ್ಟೇ. ಎಂಥ ನೆಮ್ಮದಿ ನೋಡಿ.

ನೂರು ವರ್ಷದ ನಂತರ, 1850ರ ದಶಕದಲ್ಲಿ, ಫ್ರಾನ್ಸಿನ ಗುಪ್ತವಿದ್ಯೆಯ ಲೇಖಕ ಎಲಿಫಾಸ್ ಲೆವಿ ಬಂದ. ಪಾದ್ರಿಯಾಗಲು ಓದಿ ಅರ್ಧಕ್ಕೆ ಬಿಟ್ಟವನು, ಹಾಗಾಗಿ ಬಲಿ, ತ್ಯಾಗ, ಶಿಲುಬೆ ಎಲ್ಲ ಅವನಿಗೆ ಮನೆ ಮಾತು. ಮಡಚಿದ ಕಾಲು ಶಿಲುಬೆ, ಹಿಂದೆ ಕಟ್ಟಿದ ಕೈ ಮತ್ತು ತಲೆ ಸೇರಿ ತ್ರಿಕೋನ. ತ್ರಿಕೋನದ ಮೇಲೆ ಶಿಲುಬೆ ಅಂದರೆ ರಸವಿದ್ಯೆಯವರ ಮಹಾಕಾರ್ಯ, ಅಂದರೆ ಲೋಹವನ್ನು ಚಿನ್ನ ಮಾಡುವ ಸಾಧನೆ, ಮುಗಿದ ಗುರುತು ಅಂದ. ಬೆಂಕಿ ಕದ್ದು ತಂದು ಬಂಡೆಗೆ ಬಿಗಿಸಿಕೊಂಡ ಪ್ರೊಮಿಥಿಯಸ್ ಇವನೇ ಅಂದ. ಶಿಕ್ಷೆಗೆ ಒಳಗಾದವನು ಹೀಗೆ ಸಾಧಕನಾದ. 1889ರಲ್ಲಿ ಅದೇ ಗುಪ್ತವಿದ್ಯೆಯ ದಾರಿಯ ಓಸ್ವಾಲ್ಡ್ ವಿರ್ತ್ ಬರೆದ ಎಲೆಯಲ್ಲಿ ಚೀಲಗಳು ಮತ್ತೆ ಬಂದವು, ಆದರೆ ಈಗ ಬಾಯಿ ತೆರೆದು ನಾಣ್ಯ ಉದುರುತ್ತಿವೆ. ಜೂದಾಸನ ಲಂಚ ಇದ್ದದ್ದು ಸಾಧಕ ಹಂಚುವ ಸಂಪತ್ತಾಯಿತು. ವಸ್ತು ಅದೇ, ಅರ್ಥ ಪೂರಾ ಉಲ್ಟಾ.

ಕೊನೆಗೆ ವೇಟ್ ಮತ್ತು ಸ್ಮಿತ್ ತಲೆ ಸುತ್ತ ಪ್ರಭೆ ಹಾಕಿದರು. ಇದು ಹುತಾತ್ಮನ ಎಲೆ, ವಿವೇಕದ ಎಲೆ, ಕರ್ತವ್ಯದ ಎಲೆ ಅಂತ ಮುಂಚಿನವರು ಹೇಳಿದ್ದನ್ನೆಲ್ಲ ವೇಟ್ ಪಕ್ಕಕ್ಕೆ ತಳ್ಳಿದ. ದೈವಕ್ಕೂ ವಿಶ್ವಕ್ಕೂ ಇರುವ ನಂಟಿನ ಒಂದು ಮುಖ ಇಲ್ಲಿದೆ ಅಂದ, ಮುಖದಲ್ಲಿರುವುದು ಮೈಮರೆವು, ನೋವಲ್ಲ ಅಂದ. ಆ ಪ್ರಭೆ ಬಂದಮೇಲೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿತು. ಪ್ರಭೆ ಇರುವವನನ್ನು ದ್ರೋಹಿ ಅಂತ ಯಾರು ಓದುತ್ತಾರೆ?

ಒಂದು ಪುಸ್ತಕದಲ್ಲಿ ಈ ಕಾರ್ಡಿಗೆ ಹೀಬ್ರೂ ಅಕ್ಷರ ಲಾಮೆಡ್ ಅಂತಿದೆ, ಇನ್ನೊಂದರಲ್ಲಿ ಮೇಮ್. ಯಾವುದು ಸರಿ?

ಎರಡೂ ಅವರವರ ಲೆಕ್ಕದಲ್ಲಿ ಸರಿ. ಹೀಬ್ರೂವಿನಲ್ಲಿ 22 ಅಕ್ಷರ, ತುರುಫೂ 22. ಲೆವಿ ಇವೆರಡನ್ನೂ ಜೋಡಿಸಿದ. ಅವನು ಒಂದನೇ ಎಲೆ ಮೆಜಿಷಿಯನ್‌ಗೆ ಮೊದಲ ಅಕ್ಷರ ಆಲೆಫ್ ಕೊಟ್ಟು, ಅಂಕಿ ಇಲ್ಲದ ಫೂಲ್ ಎಲೆಯನ್ನು ಕೊನೆಗೆ, 20 ಮತ್ತು 21ರ ನಡುವೆ ತುರುಕಿದ. ಹಾಗಾದಾಗ ಹನ್ನೆರಡನೇ ಎಲೆಗೆ ಹನ್ನೆರಡನೇ ಅಕ್ಷರ ಲಾಮೆಡ್. 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಸಂಘದವರು ಫೂಲ್‌ಗೆ ಸೊನ್ನೆ ಕೊಟ್ಟು ಮೊದಲಿಗೆ ತಂದರು. ಎಲ್ಲವೂ ಒಂದೊಂದು ಮನೆ ಮುಂದಕ್ಕೆ ಹೋಯಿತು, ನಮ್ಮವನು ಮೇಮ್ ಆದ.

ಇದು ಬರೀ ಪಂಡಿತರ ಜಗಳ ಅಂದುಕೊಳ್ಳಬೇಡಿ. ಯಹೂದಿಗಳ ಅನುಭಾವದ ವಿದ್ಯೆಯಾದ ಕಬ್ಬಾಲದಲ್ಲಿ ಮೇಮ್ ಮೂರು ತಾಯಿ ಅಕ್ಷರಗಳಲ್ಲಿ ಒಂದು, ಅದರ ತತ್ವ ನೀರು. ಹಾಗಾಗಿ ಹ್ಯಾಂಗ್ಡ್ ಮ್ಯಾನ್ ನೀರಿನ ಎಲೆಯಾದ. ಮುಂದಿನವರು ನೀರಿನಿಂದ ನೆಪ್ಚೂನ್ ಗ್ರಹಕ್ಕೆ ಹೋದರು, ಅಲ್ಲಿಂದ ಕನಸು, ಮಂಪರು, ಕರಗುವುದು. ಈಗ ನಿಮ್ಮ ರೀಡರ್ "ಹರಿವಿಗೆ ಬಿಟ್ಟುಕೊಡಿ" ಅನ್ನುತ್ತಾರಲ್ಲ, ಆ ಹರಿವು ಬಂದದ್ದು ಫೂಲ್ ಎಲೆಯನ್ನು ಕೊನೆಯಿಂದ ಮೊದಲಿಗೆ ಸರಿಸಿದ್ದರಿಂದ. ಚಿತ್ರದಲ್ಲಿ ಒಂದು ಹನಿ ನೀರಿಲ್ಲ, ಬೇಕಾದರೆ ಹುಡುಕಿ.

ಕ್ರೌಲಿಯ ಥೋತ್ ಡೆಕ್‌ನಲ್ಲಿ ಇದೇ ಕಾರ್ಡ್ ನೋಡಿದ್ರೆ ಮೈ ಜುಂ ಅನ್ನುತ್ತೆ. ಯಾಕೆ ಅಷ್ಟು ಬೇರೆ?

ಯಾಕೆಂದರೆ ಇಂಗ್ಲೆಂಡಿನ ಗುಪ್ತವಿದ್ಯೆಗಾರ ಅಲೆಸ್ಟರ್ ಕ್ರೌಲಿಗೆ ಈ ಎಲೆಯ ಮೇಲೆ ಸಿಟ್ಟಿತ್ತು. ಫ್ರೀಡಾ ಹ್ಯಾರಿಸ್ 1938ರಿಂದ 1943ರವರೆಗೆ ಬರೆದ ಚಿತ್ರಗಳು ಅವು, ಡೆಕ್ ಆಗಿ ಬಂದದ್ದು 1969ರಲ್ಲಿ, ಆ ಹೊತ್ತಿಗೆ ಇಬ್ಬರೂ ಇರಲಿಲ್ಲ. ಅದರಲ್ಲಿ ಮರವಿಲ್ಲ. ಮೇಲೆ ಆಂಖ್ ಅನ್ನುವ ಈಜಿಪ್ಟಿನ ಕುಣಿಕೆ ಶಿಲುಬೆ, ಹಾವಿನ ಸುರುಳಿ, ಸುತ್ತ ಹಸಿರು, ಕೈ ಚಾಚಿ ಕೆಳಗಿನ ಕತ್ತಲಿಗೆ ಇಳಿಬಿದ್ದ ಮೈ. ಸತ್ತು ಲೋಕ ಉಳಿಸುವ ದೇವರು ಅನ್ನುವ ಕಲ್ಪನೆ ಹಳೇ ಯುಗದ್ದು, ಅದು ಮುಗಿಯಿತು, ತ್ಯಾಗ ಅನ್ನುವುದೇ ತಪ್ಪು ವಿಚಾರ ಅನ್ನುವುದು ಕ್ರೌಲಿಯ ವಾದ. ಆ ಮನುಷ್ಯನ ನಡತೆ ಬಗ್ಗೆ ನನಗೆ ಗೌರವ ಕಡಿಮೆ. ಆದರೆ ತ್ಯಾಗವನ್ನು ಹೊಗಳುತ್ತಲೇ ಹೋದ ನೂರು ವರ್ಷದ ಸಾಲಿನಲ್ಲಿ ನಿಂತು ತಡೀರಿ ಅಂದವನು ಅವನೊಬ್ಬ.

ಎಲಿಯಟ್‌ನ ಕವಿತೆಯಲ್ಲಿ ಹ್ಯಾಂಗ್ಡ್ ಮ್ಯಾನ್ ಬರ್ತಾನಲ್ಲ, ಅವನಿಗೆ ಈ ವಿದ್ಯೆ ಗೊತ್ತಿತ್ತಾ?

1922ರ ವೇಸ್ಟ್ ಲ್ಯಾಂಡ್‌ನಲ್ಲಿ ಬರುವುದು ಅವನು ಬಂದಿಲ್ಲ ಅನ್ನುವ ಮಾತು. ಶೀತ ಹಿಡಿದ ಶಕುನಗಾರ್ತಿ ಮೇಡಂ ಸೊಸೊಸ್ಟ್ರಿಸ್ ಎಲೆ ಹಾಕಿ, ನೇತಾಡುವವನು ಕಾಣುತ್ತಿಲ್ಲ, ನೀರಿನಿಂದ ಬರುವ ಸಾವಿಗೆ ಹೆದರು ಅನ್ನುತ್ತಾಳೆ. ಎಲಿಯಟ್ ತಾನೇ ಬರೆದ ಟಿಪ್ಪಣಿಯಲ್ಲಿ ತನಗೆ ಟ್ಯಾರೋ ಎಲೆಗಳ ಪರಿಚಯ ಸರಿಯಾಗಿಲ್ಲ, ಬೇಕಾದಂತೆ ಬದಲಾಯಿಸಿಕೊಂಡೆ, ಈ ಎಲೆ ಮಾನವಶಾಸ್ತ್ರಜ್ಞ ಫ್ರೇಜರ್ ಹೇಳಿದ ನೇತಾಡುವ ದೇವರನ್ನು ನೆನಪಿಸುತ್ತದೆ ಅಂತ ಒಪ್ಪಿಕೊಂಡಿದ್ದಾನೆ. ಕಾಲೇಜಿನ ಪರೀಕ್ಷೆಗೆ ಇಷ್ಟು ಸಾಕು.

ಇವನು ನಮ್ಮ ತ್ರಿಶಂಕು ಅಲ್ವಾ? ಇಲ್ಲಾ ಬೇತಾಳನಾ? ವಿದೇಶದವರು ಓಡಿನ್ ಅಂತಾರೆ

ಚರಿತ್ರೆಯ ನಂಟು ಮೂವರಿಗೂ ಇಲ್ಲ. ಓಡಿನ್ ಮರಕ್ಕೆ ಒಂಬತ್ತು ರಾತ್ರಿ ನೇತಾಡಿ ರೂನ್ ಅಕ್ಷರಗಳ ವಿದ್ಯೆ ಪಡೆದ ಕಥೆ ಉತ್ತರ ಯುರೋಪಿನದು, 15ನೇ ಶತಮಾನದ ಇಟಲಿಯ ಎಲೆ ಮಾಡುವವನಿಗೆ ಅದು ಗೊತ್ತಿತ್ತು ಅನ್ನಲು ಆಧಾರವಿಲ್ಲ. ಚಂದಮಾಮದ ಬೇತಾಳ ಮರದಲ್ಲಿ ನೇತಾಡುವುದು ಹೆಣದೊಳಗೆ ಸೇರಿಕೊಂಡು, ಅಲ್ಲಿ ಪರೀಕ್ಷೆ ನಡೆಯುವುದು ಹೊತ್ತುಕೊಂಡು ಹೋಗುವ ರಾಜನಿಗೆ.

ತ್ರಿಶಂಕು ಮಾತ್ರ ಹೋಲಿಸಿ ನೋಡಲು ಯೋಗ್ಯ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರ ಅವನನ್ನು ಮೈಸಮೇತ ಸ್ವರ್ಗಕ್ಕೆ ಏರಿಸುತ್ತಾನೆ, ಇಂದ್ರ ಕೆಳಕ್ಕೆ ತಳ್ಳುತ್ತಾನೆ, ಬೀಳುತ್ತಿದ್ದವನನ್ನು ವಿಶ್ವಾಮಿತ್ರ ನಿಲ್ಲು ಅಂತ ಮಧ್ಯದಲ್ಲೇ ತಡೆಯುತ್ತಾನೆ. ಕೊನೆಗೆ ಅವನು ನಕ್ಷತ್ರಗಳ ನಡುವೆ ತಲೆಕೆಳಗಾಗಿಯೇ ಉಳಿಯುತ್ತಾನೆ. ಇಬ್ಬರು ದೊಡ್ಡವರ ಹಟದ ನಡುವೆ ಸಿಕ್ಕಿಕೊಂಡವನ ಸ್ಥಿತಿ ಅದು. ಎರಡು ಆಫೀಸಿನ ನಡುವೆ ಫೈಲ್ ಸಿಕ್ಕಿಕೊಂಡವರಿಗೆ ಈ ಎಲೆ ಬಂದಾಗ ಓಡಿನ್ ಕಥೆಗಿಂತ ಇದು ಬೇಗ ತಾಗುತ್ತದೆ. ಓದುವುದಕ್ಕೆ ಬಳಸಿ, ಮೂಲ ಅಂತ ಮಾತ್ರ ಹೇಳಬೇಡಿ.

ಎಲೆ ಓದುವಾಗ ಬರುವ ಪ್ರಶ್ನೆಗಳು

'ಸರೆಂಡರ್ ಆಗಿ, ಕಾಯಿರಿ' ಅಂದ್ರು ರೀಡರ್. ಎಷ್ಟು ದಿನ ಅಂತ ಕಾರ್ಡ್ ಹೇಳಲ್ವಾ?

ಹೇಳಲ್ಲ. ವಾರ, ತಿಂಗಳು ಅಂತ ಲೆಕ್ಕ ಕೊಡುವವರು ತಮ್ಮದೇ ಪದ್ಧತಿ ಹೇಳುತ್ತಿದ್ದಾರೆ. ಸರೆಂಡರ್ ಅನ್ನುವ ಮಾತೂ ಹಳೆಯದಲ್ಲ. ವೇಟ್ ಕೊಟ್ಟ ಅರ್ಥಗಳಲ್ಲಿ ಜ್ಞಾನ, ಎಚ್ಚರ, ಪರೀಕ್ಷೆ, ತ್ಯಾಗ, ಒಳಅರಿವು ಇವೆ. ಸುಮ್ನೆ ಬಿಟ್ಟುಬಿಡಿ ಅನ್ನುವ ಧಾಟಿ ಜೋರಾಗಿದ್ದು 1970ರ ಈಚೆಗೆ, ಅಮೆರಿಕದಲ್ಲಿ ಟ್ಯಾರೋ ಮನಸ್ಸಿನ ಮಾತಾಡುವ ಸಾಧನವಾದಾಗ. ಕೆಲಸದ ಸಂದರ್ಶನ ಮುಗಿಸಿ ಫಲಿತಾಂಶಕ್ಕೆ ಕಾಯುವವರಿಗೆ ಅದು ಒಳ್ಳೇ ಮಾತೇ. ಅವರ ಕೈಯಲ್ಲಿ ಮಾಡಲು ಏನೂ ಉಳಿದಿಲ್ಲ. ಅರ್ಜಿಯನ್ನೇ ಹಾಕದೆ ಕೂತವರಿಗೆ ಅದೇ ಮಾತು ಸೋಮಾರಿತನಕ್ಕೆ ಸರ್ಟಿಫಿಕೇಟ್.

ಮದುವೆಯಾದಾಗಿಂದ ಮನೇಲಿ ತುಂಬಾ ಹಿಂಸೆ ಇದೆ. ಈ ಕಾರ್ಡ್ ಬಂತು, ತ್ಯಾಗ ಮಾಡಿ, ಒಳ್ಳೇದಾಗುತ್ತೆ ಅಂದ್ರು. ಹಾಗೇನಾ?

ಇಲ್ಲ, ಖಂಡಿತ ಇಲ್ಲ. ಮೊದಲು ಎಲೆ ಪಕ್ಕಕ್ಕಿಟ್ಟು ನಂಬಿಕೆ ಇರುವ ಒಬ್ಬರಿಗೆ ವಿಷಯ ತಿಳಿಸಿ. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112.

ಎಲೆಯ ಬಗ್ಗೆ ಕೇಳಿದ್ದೀರಿ, ಅದಕ್ಕೂ ಉತ್ತರ ಹೇಳುತ್ತೇನೆ. ಹಳೇ ಅರ್ಥ ನನಗೆ ಬೇಕಾಗುವುದು ಇಂಥ ಕಡೆಯೇ. ಲೆವಿಯಿಂದ ಈಚೆಗೆ ಎಲ್ಲರೂ ಇವನು ತಾನಾಗೇ ನೇತಾಡುತ್ತಿದ್ದಾನೆ ಅನ್ನುವಂತೆ ಮಾತಾಡುತ್ತಾರೆ. ಆದರೆ ಚಿತ್ರದಲ್ಲಿ ಕೈ ಬೆನ್ನ ಹಿಂದಿದೆ, ಹಗ್ಗದ ಗಂಟು ಮೇಲಿದೆ. ಆ ಗಂಟನ್ನು ಅವನೇ ಹಾಕಿಕೊಳ್ಳಲು ಆಗಲ್ಲ, ಯಾರೋ ಕಟ್ಟಿದ್ದಾರೆ. ಇಟಲಿಯ ಗೋಡೆಯ ಮುಂದೆ ನಿಂತವರಿಗೆ ಕಟ್ಟಿಸಿದವರು ಯಾರು, ಯಾಕೆ ಅಂತ ಗೊತ್ತಿತ್ತು, ಪಕ್ಕದಲ್ಲೇ ಬರೆದಿರುತ್ತಿತ್ತು. ಹಾಗಾಗಿ ಈ ಎಲೆ ಬಂದಾಗ ನಾನು ಮೊದಲು ಕೇಳುವುದು ಹಗ್ಗ ಕಟ್ಟಿದ್ದು ಯಾರು ಅಂತ. ತಾನೇ ಆರಿಸಿಕೊಂಡ ಕಾಯುವಿಕೆ ಆದರೆ ವೇಟ್‌ನ ಅರ್ಥ ಸರಿ. ಬೇರೆಯವರು ಕಟ್ಟಿ, ಮೇಲಿಂದ ಅದನ್ನೇ ತ್ಯಾಗ ಅಂತ ಹೊಗಳುತ್ತಿದ್ದರೆ, ಪ್ರಭೆ ಹಾಕಿದವರೂ ಅವರೇ.

ಕಾರ್ಡ್ ಉಲ್ಟಾ ಬಂದ್ರೆ ಅವನು ನೆಟ್ಟಗೆ ನಿಂತ ಹಾಗೆ ಆಯ್ತಲ್ವಾ? ಒಳ್ಳೇದಾ ಕೆಟ್ಟದ್ದಾ?

ಎಲ್ಲರಿಗೂ ಬರುವ ಸಂಶಯ, ಜೆಬೆಲಾಂಗೂ ಬಂತು. ವೇಟ್ ಉಲ್ಟಾ ಎಲೆಗೆ ಸ್ವಾರ್ಥ, ಜನಜಂಗುಳಿ ಅಂತ ಬರೆದಿದ್ದಾನೆ. ಈಗಿನವರು ವ್ಯರ್ಥ ತ್ಯಾಗ, ಹಟ, ಎಳೆದಾಟ ಮುಗಿಯುವ ಸೂಚನೆ ಅಂತೆಲ್ಲ ಓದುತ್ತಾರೆ. ನಾನು ಉಲ್ಟಾ ಅರ್ಥಗಳನ್ನು ಜಾಸ್ತಿ ಹಚ್ಚಿಕೊಳ್ಳುವುದಿಲ್ಲ. ಎಲೆ ತಿರುಗಿಸಿದರೂ ಕಾಲಿನ ಹಗ್ಗ ಬಿಚ್ಚಿಹೋಗುವುದಿಲ್ಲ.

ಇನ್ನೂ ಮುಂದಕ್ಕೆ ಹೋಗುವವರಿಗೆ

21ನೇ ಎಲೆ ವರ್ಲ್ಡ್ ಕಾರ್ಡಿನ ಹುಡುಗಿಯ ಕಾಲೂ ಹೀಗೇ ಇದೆ. 12 ತಿರುಗಿಸಿದರೆ 21. ಇದು ಬೇಕಂತಲೇ ಮಾಡಿದ್ದಾ?

ಕಾಲಿನ ಭಂಗಿ ಹೋಲುವುದು ನಿಜ. ಮಾರ್ಸೇ ಅನ್ನುವ ಫ್ರಾನ್ಸಿನ ಹಳೇ ಮಾದರಿಯ ಎಲೆಗಳಲ್ಲೇ ಆ ಹೋಲಿಕೆ ಇದೆ, ಚಕ್ರವರ್ತಿಯ ಕಾಲೂ ಅಡ್ಡ ಹಾಕಿದೆ. ಆದರೆ 12-21ರ ಆಟಕ್ಕೆ ಈಗ ನಾವು ಬರೆಯುವ ಅಂಕಿ ಬೇಕು. ಮಾರ್ಸೇ ಎಲೆಗಳ ಮೇಲೆ ಇರುವುದು ರೋಮನ್ ಅಂಕಿ, ಅದನ್ನು ತಿರುಗಿಸಿದರೆ ಈ ಜೋಡಿ ಸಿಗುವುದಿಲ್ಲ. ಇನ್ನೂ ಹಿಂದಕ್ಕೆ ಹೋದರೆ ವಿಸ್ಕೊಂತಿ-ಸ್ಫೋರ್ಜಾ ಎಲೆಗಳಲ್ಲಿ ಅಂಕಿಯೇ ಇಲ್ಲ, ವರ್ಲ್ಡ್ ಎಲೆಯಲ್ಲಿ ಕುಣಿಯುವ ಹುಡುಗಿಯೂ ಇಲ್ಲ, ಒಂದು ಕೋಟೆಯ ಊರನ್ನು ಎತ್ತಿ ಹಿಡಿದ ಇಬ್ಬರು ಪುಟ್ಟ ಮಕ್ಕಳಿದ್ದಾರೆ. ಧ್ಯಾನಕ್ಕೆ, ಕಥೆ ಹೆಣೆಯಲು ಒಳ್ಳೇ ಜೋಡಿ. ಇಟ್ಟುಕೊಳ್ಳಿ.

ಡೆಕ್‌ಗಳನ್ನೆಲ್ಲ ಕೊಳ್ಳೋಕೆ ದುಡ್ಡಿಲ್ಲ. ಈ ಬದಲಾವಣೆಯನ್ನ ಕಣ್ಣಾರೆ ನೋಡೋದು ಹೇಗೆ?

ಕೊಳ್ಳಬೇಡಿ. ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿ ತನ್ನಲ್ಲಿರುವ ವಿಸ್ಕೊಂತಿ-ಸ್ಫೋರ್ಜಾ ಎಲೆಗಳನ್ನು, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯ ಚೀಲ ಹಿಡಿದವನನ್ನು ಪುಕ್ಕಟೆ ನೋಡಲು ಅಂತರ್ಜಾಲದಲ್ಲಿ ಇಟ್ಟಿವೆ. ಅವೆರಡು, ಆಮೇಲೆ 1760ರ ನಿಕೊಲಾ ಕೊನ್ವೆರ್ ಮಾರ್ಸೇ ಎಲೆ, ವಿರ್ತ್, ವೇಟ್-ಸ್ಮಿತ್, ಕೊನೆಗೆ ಹ್ಯಾರಿಸ್. ಆರನ್ನೂ ಒಂದೇ ಸಾಲಿನಲ್ಲಿಟ್ಟು ಮೊದಲು ಕಂಬ ನೋಡಿ, ಕೊನ್ವೆರ್ ಎಲೆಯಲ್ಲಿ ಕೊಂಬೆ ಕಡಿದ ಎರಡು ಮರ ಇದ್ದದ್ದು ವೇಟ್‌ನಲ್ಲಿ ಚಿಗುರಿದ ಒಂದು ಮರವಾಗಿದೆ. ಆಮೇಲೆ ಯಾವ ಕಾಲು ಕಟ್ಟಿದ್ದಾರೆ ನೋಡಿ, ಮಾರ್ಸೇಯಲ್ಲಿ ಎಡಗಾಲು, ವೇಟ್‌ನಲ್ಲಿ ಬಲಗಾಲು. ಮುಖ ಕೊನೆಗೆ ನೋಡಿ. ಮೊದಲೇ ಮುಖ ನೋಡಿದರೆ ಉಳಿದದ್ದು ಕಣ್ಣಿಗೆ ಬೀಳುವುದಿಲ್ಲ.